ಬುದ್ಧಿ ಹೇಳುವುದನ್ನು ಬಿಟ್ಟ ಮೇಲೆ

'ಅಕ್ಕೋರ, ನಮ್ಮ ಹುಡುಗಗ ಸ್ವಲ್ಪ ಬುದ್ಧಿ ಹೇಳ್ರಿ.'

ಹುಬ್ಬಳ್ಳಿಯಲ್ಲಿ ಆಪ್ತಸಮಾಲೋಚಕಿಯಾಗಿ ಕೆಲಸ ಶುರು ಮಾಡಿ ಹನ್ನೊಂದು ವರ್ಷ ಆಯ್ತು. ಗಾಂಜಾ ಸೇದುವ ಮಗನನ್ನು ಕರೆದುಕೊಂಡು ಬರುವ ತಂದೆ ತಾಯಿ ಮೊದಲು ಆಡುವ ಮಾತು ಇವತ್ತಿಗೂ ಇದೇ. ಹುಡುಗ ಪಕ್ಕದಲ್ಲೇ ತಲೆ ತಗ್ಗಿಸಿ ಕೂತಿರುತ್ತಾನೆ. ಇನ್ನು ಮುಕ್ಕಾಲು ಗಂಟೆ ಬುದ್ಧಿಮಾತು ಕೇಳಬೇಕು ಅಂತ ಅವನಿಗೆ ಗೊತ್ತು. ಸೋದರಮಾವ ಹೇಳಿ ಆಗಿರುತ್ತದೆ, ಕಾಲೇಜಿನ ಸರ್ ಹೇಳಿ ಆಗಿರುತ್ತದೆ, ಮಠಕ್ಕೆ ಕರೆದೊಯ್ದು ಅಜ್ಜಾರ ಕಡೆಯಿಂದಲೂ ಹೇಳಿಸಿ ಆಗಿರುತ್ತದೆ.

ಮೊದಲ ಎರಡು ವರ್ಷ ನಾನೂ ಬುದ್ಧಿಯನ್ನೇ ಹೇಳಿದೆ. ಮಿದುಳಿನ ಚಿತ್ರ ತೋರಿಸಿದೆ, ಅಮ್ಮನ ಕಣ್ಣೀರು ನೆನಪಿಸಿದೆ. ಹುಡುಗರು 'ಹೂಂ ರೀ' ಅಂದರು. ಎರಡನೇ ಸಲ ಬರಲಿಲ್ಲ.

ಅದಕ್ಕಿಂತ ದೊಡ್ಡ ತಪ್ಪು ಇನ್ನೊಂದು ಮಾಡಿದ್ದೇನೆ. ಐಟಿಐ ಓದುತ್ತಿದ್ದ ಹತ್ತೊಂಬತ್ತರ ಹುಡುಗ. (ಗುರುತು ಸಿಗಬಾರದೆಂದು ಇಲ್ಲಿ ಎಲ್ಲರ ವಿವರಗಳನ್ನೂ ಸ್ವಲ್ಪ ಬದಲಿಸಿದ್ದೇನೆ.) 'ನೀನು ಹೇಳಿದ್ದು ನನ್ನ ಹತ್ತಿರಾನೇ ಇರತೈತಿ' ಅಂದಿದ್ದೆ. ನಂಬಿ ಎಲ್ಲ ಹೇಳಿದ. ಹೊರಗೆ ಕಾಯುತ್ತಿದ್ದ ಅವನ ತಂದೆ, 'ಯಾರ ಕೊಡತಾರಂತ ಹೇಳಿದಾನೇನ್ರಿ?' ಅಂತ ಕೇಳಿದರು. ದಣಿದ ಮುಖ, ಎಣ್ಣೆ ಹತ್ತಿದ ಕೈ. ಕನಿಕರ ಬಂತು. ಗೆಳೆಯನ ಹೆಸರು ಹೇಳಿಬಿಟ್ಟೆ. ರಾತ್ರಿ ಆ ಗೆಳೆಯನ ಮನೆ ಮುಂದೆ ಹೊಡೆದಾಟ ಆಯಿತು. ಮರುದಿನ ಹುಡುಗ ಫೋನ್ ಮಾಡಿದ. 'ನೀವೂ ಅವರ ಪೈಕಿನ ಅದೀರಿ, ಬಿಡ್ರಿ' ಅಂದ. ಅಷ್ಟೇ. ಮತ್ತೆ ಅವನು ಸಿಗಲಿಲ್ಲ. ಈಗಲೂ ಅವನ ದನಿ ನೆನಪಾಗುತ್ತದೆ.

ಅವತ್ತಿನಿಂದ ಮೊದಲ ಹತ್ತು ನಿಮಿಷ ಎಲ್ಲರನ್ನೂ ಒಟ್ಟಿಗೆ ಕೂಡಿಸಿ, ಏನು ಹೇಳುತ್ತೇನೆ, ಏನು ಹೇಳುವುದಿಲ್ಲ ಅನ್ನುವುದನ್ನು ಹುಡುಗನ ಎದುರಿಗೇ ತಂದೆ ತಾಯಿಗೆ ಹೇಳುತ್ತೇನೆ. ಅವನ ಜೀವಕ್ಕೋ, ಬೇರೆಯವರ ಜೀವಕ್ಕೋ ಅಪಾಯ ಇದ್ದರೆ ಮುಚ್ಚಿಡುವುದಿಲ್ಲ. ಹದಿನೆಂಟು ತುಂಬದ ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ನಡೆದದ್ದು ಗೊತ್ತಾದರೆ 2012ರ ಪೋಕ್ಸೋ ಕಾಯ್ದೆಯ ಪ್ರಕಾರ ಪೊಲೀಸರಿಗೆ ತಿಳಿಸಲೇಬೇಕು, ಅದನ್ನೂ ಮೊದಲೇ ಹೇಳುತ್ತೇನೆ. ಉಳಿದದ್ದು ಈ ಕೋಣೆ ದಾಟುವುದಿಲ್ಲ. ಆಮೇಲೆ ಹಿರಿಯರನ್ನು ಚಹಾ ಕುಡಿದು ಬರಲು ಕಳಿಸುತ್ತೇನೆ. ಬಾಗಿಲು ಹಾಕಿದ ಮೇಲೆ ಹುಡುಗನ ಭುಜ ಸ್ವಲ್ಪ ಇಳಿಯುತ್ತದೆ. ಅಲ್ಲಿಂದ ನನ್ನ ಕೆಲಸ ಶುರು.

ಮೊದಲ ಪ್ರಶ್ನೆ, 'ಅದರಿಂದ ನಿನಗ ಏನ ಸಿಗತೈತಿ?' ಗಾಬರಿಯಾಗಿ ನೋಡುತ್ತಾರೆ. ಯಾಕೆ ಸೇದುತ್ತೀ ಅಂತ ಎಲ್ಲರೂ ಬೈಯುತ್ತಲೇ ಕೇಳಿರುತ್ತಾರೆ, ಹೀಗೆ ಕೇಳಿದವರು ಇರುವುದಿಲ್ಲ. ಕೇಳಿ ಸುಮ್ಮನೆ ಕೂರಬೇಕು. ಈ ಸುಮ್ಮನೆ ಕೂರುವುದನ್ನು ಕಲಿಯಲು ನನಗೆ ಜಾಸ್ತಿ ಸಮಯ ಹಿಡಿಯಿತು.

ಧಾರವಾಡದ ಸಪ್ತಾಪುರದಲ್ಲಿ ರೂಮ್ ಮಾಡಿಕೊಂಡು ಪೊಲೀಸ್ ಪರೀಕ್ಷೆಗೆ ಓದುತ್ತಿದ್ದ ಒಬ್ಬ ಹುಡುಗ ಇದ್ದ. ಹಾವೇರಿ ಕಡೆಯ ಹಳ್ಳಿಯವನು, ಇಪ್ಪತ್ತನಾಲ್ಕು ವಯಸ್ಸು. ಗೋವಿನಜೋಳ ಮಾರಿದ ದುಡ್ಡಿನಲ್ಲಿ ಅಪ್ಪ ಕೋಚಿಂಗ್ ಫೀಸು ಕಟ್ಟಿದ್ದರು. ಎರಡು ಸಲ ಪರೀಕ್ಷೆ ಕೈಕೊಟ್ಟಿತ್ತು. ರಾತ್ರಿ ಕೆಲಗೇರಿ ಕೆರೆ ಕಡೆ ಹೋಗಿ ಸೇದಿ ಬರುತ್ತಿದ್ದ. ನನ್ನ ಪ್ರಶ್ನೆಗೆ ತುಂಬಾ ಹೊತ್ತು ಸುಮ್ಮನಿದ್ದು, 'ನಿದ್ದಿ ಬರತೈತ್ರೀ' ಅಂದ. ಬೇರೇನೂ ಹೇಳಲಿಲ್ಲ.

ಒಂದು ಬಿಳಿ ಹಾಳೆ ಕೊಟ್ಟೆ. ದೊಡ್ಡ ಗಡಿಯಾರ ಬರೆ, ನಿನ್ನೆ ಯಾವ ಹೊತ್ತಿಗೆ ಏನು ಮಾಡಿದೆ ತುಂಬು ಅಂದೆ. ಒಂದು ವಾರ ದಿನಕ್ಕೊಂದು ಹಾಳೆ. ಏಳೂ ಹಾಳೆ ಮೇಜಿನ ಮೇಲೆ ಸಾಲಾಗಿ ಹರಡಿಕೊಂಡು ಕೂತೆವು. ಆರು ಹಾಳೆಯಲ್ಲಿ ರಾತ್ರಿ ಹತ್ತು ಗಂಟೆಗೆ ಒಂದು ಕಪ್ಪು ಚುಕ್ಕೆ ಇತ್ತು, ಸೇದಿದ್ದರ ಗುರುತು. ಒಂದರಲ್ಲಿ ಇರಲಿಲ್ಲ. ಅವನೇ ಬೆರಳಿಟ್ಟು ನೋಡಿದ. 'ಅವತ್ತ ಮನಿಯಿಂದ ಫೋನ್ ಬಂದಿದ್ದಿಲ್ರಿ' ಅಂದ. ಒಂಬತ್ತೂವರೆಗೆ ಅಪ್ಪ ಫೋನ್ ಮಾಡುತ್ತಿದ್ದರು. 'ಏನಾತಪಾ, ಯಾವಾಗ ಬರತೈತಿ ಆರ್ಡರು?' ಪ್ರೀತಿಯಿಂದಲೇ ಕೇಳುತ್ತಿದ್ದರು. ಫೋನ್ ಇಟ್ಟ ಮೇಲೆ ಇವನಿಗೆ ಎದೆ ಹೊಡೆದುಕೊಳ್ಳುತ್ತಿತ್ತು, ನಿದ್ದೆ ಹಾರಿಹೋಗುತ್ತಿತ್ತು.

ಇದನ್ನು ನಾನು ಹೇಳಿದ್ದರೆ ಅವನು ಒಪ್ಪುತ್ತಿರಲಿಲ್ಲ. ತಾನೇ ಕಂಡುಕೊಂಡ. ಏನು ಮಾಡೋಣ ಅಂದಾಗಲೂ ದಾರಿ ಅವನದೇ. ಗದಗಿಗೆ ಕೊಟ್ಟ ಅಕ್ಕನಿಗೆ ಹೇಳಿದ. ಆಕೆ ತಂದೆಗೆ ತಿಳಿಸಿ ಹೇಳಿ ಆ ಫೋನನ್ನು ಬೆಳಿಗ್ಗೆಗೆ ಬದಲಿಸಿದಳು. ರಾತ್ರಿಯ ಸೇದಾಟ ಅಷ್ಟಕ್ಕೇ ನಿಲ್ಲಲಿಲ್ಲ. ಆದರೆ ಮುಂದಿನ ವಾರದ ಏಳು ಹಾಳೆಯಲ್ಲಿ ಚುಕ್ಕೆ ನಾಲ್ಕೇ ಇದ್ದವು.

ಬಿಟ್ಟ ಮೇಲಿನ ಮೊದಲ ಎರಡು ವಾರದ ಬಗ್ಗೆ ಮನೆಯವರಿಗೆ ಮೊದಲೇ ಹೇಳಿಡಬೇಕು. ದಿನಾ ಗಾಂಜಾ ಸೇದುತ್ತಿದ್ದವರು ನಿಲ್ಲಿಸಿದರೆ ಸಿಟ್ಟು ಬರುತ್ತದೆ, ನಿದ್ದೆ ಕೆಡುತ್ತದೆ, ಊಟ ಸೇರುವುದಿಲ್ಲ, ಕೆಟ್ಟ ಕನಸು ಬೀಳುತ್ತವೆ. ಮೊದಲ ವಾರ ಬಹಳ ಕಷ್ಟ, ಆಮೇಲೆ ಇಳಿಯುತ್ತದೆ. ಇದು ಗೊತ್ತಿಲ್ಲದ ತಾಯಂದಿರು 'ಬಿಟ್ಟೀನಿ ಅಂತಾನ್ರೀ, ಸಿಟ್ಟ ನೋಡಿದ್ರ ಇನ್ನೂ ಜಾಸ್ತಿ ಆಗೇತಿ' ಅಂತ ಅನುಮಾನಪಡುತ್ತಾರೆ. ಒಬ್ಬ ತಂದೆ ಮೆಡಿಕಲ್ ಶಾಪಿನಿಂದ ಮೂತ್ರ ಪರೀಕ್ಷೆಯ ಕಿಟ್ ತಂದು ಮೂರನೇ ವಾರ ಪರೀಕ್ಷೆ ಮಾಡಿಸಿದರು. ಪಾಸಿಟಿವ್ ಬಂತು. ಮಗನಿಗೆ ಬೆಲ್ಟಿನಿಂದ ಹೊಡೆದರು. ಹುಡುಗ ನಿಜವಾಗಿಯೂ ಬಿಟ್ಟಿದ್ದ. ಗಾಂಜಾದ ಅಂಶ ಮೈಯ ಕೊಬ್ಬಿನಲ್ಲಿ ಉಳಿಯುತ್ತದೆ, ದಿನಾ ಸೇದುತ್ತಿದ್ದವರ ಮೂತ್ರದಲ್ಲಿ ತಿಂಗಳವರೆಗೂ ಕಾಣಿಸಬಹುದು. ಈ ಒಂದು ಮಾತು ನಾನು ಮೊದಲೇ ಹೇಳಿದ್ದರೆ ಆ ಏಟು ತಪ್ಪುತ್ತಿತ್ತು. ಈಗ ಮೊದಲ ದಿನವೇ ಹೇಳುತ್ತೇನೆ.

ಸೇದಬೇಕು ಅನ್ನುವ ಆಸೆ ಎದ್ದಾಗ ಅದು ಕೊನೆಯಿಲ್ಲದ್ದು ಅನ್ನಿಸುತ್ತದೆ. ಹಾಗಲ್ಲ, ಸಾಮಾನ್ಯವಾಗಿ ಅರ್ಧ ಗಂಟೆಯಲ್ಲಿ ತಾನೇ ಇಳಿಯುತ್ತದೆ. ಆ ಅರ್ಧ ಗಂಟೆ ದಾಟಲು ಪ್ರತಿಯೊಬ್ಬರಿಗೂ ತಮ್ಮದೇ ಒಂದು ಉಪಾಯ ಬೇಕು. ಒಬ್ಬ ಹೊಸೂರಿನಲ್ಲಿ ಚಿಗರಿ ಬಸ್ಸು ಹತ್ತಿ ನವನಗರದವರೆಗೆ ಹೋಗಿ ವಾಪಸ್ ಬರುತ್ತಿದ್ದ. ಎಸಿ ಬಸ್ಸು, ಕಿಟಕಿ ಪಕ್ಕ ಸೀಟು, ಒಳಗೆ ಸೇದುವ ಹಾಗಿಲ್ಲ. ಇಳಿಯುವಷ್ಟರಲ್ಲಿ ಆಸೆಯೂ ಇಳಿದಿರುತ್ತಿತ್ತು. ಇಂಥ ಉಪಾಯ ನನಗೆ ಯಾವ ತರಬೇತಿಯಲ್ಲೂ ಸಿಕ್ಕಿರಲಿಲ್ಲ.

ನೋವಿನ ಗುಳಿಗೆಗಳನ್ನು, ಟ್ಯಾಪೆಂಟಡಾಲ್‌ನಂಥವನ್ನು, ಚಟಕ್ಕೆ ನುಂಗುವ ಅಥವಾ ಕರಗಿಸಿ ಚುಚ್ಚಿಕೊಳ್ಳುವ ಹುಡುಗರ ವಿಷಯ ಬೇರೆ. ಅವರಿಗೆ ನನ್ನ ಮಾತು ಸಾಲದು, ಮನೋವೈದ್ಯರು ಬೇಕು. ಒಮ್ಮೆಲೇ ನಿಲ್ಲಿಸಿದರೆ ಮೈಕೈ ಮುರಿಯುವ ನೋವು, ಮೂಗು ಸೋರುವುದು, ವಾಂತಿ, ಭೇದಿ. ಇದಕ್ಕೆ ಬುಪ್ರೆನಾರ್ಫಿನ್‌ನಂಥ ಔಷಧಿ ಇದೆ, ವೈದ್ಯರು ನೋಡಿಯೇ ಕೊಡಬೇಕು. ಇವರಿಗೆ ಒಂದು ಮಾತು ನಾನು ಕೈ ಹಿಡಿದುಕೊಂಡು ಹೇಳುತ್ತೇನೆ. ಕೆಲವು ವಾರ ಬಿಟ್ಟ ಮೇಲೆ ಮೈಗೆ ಹಳೆಯ ತಾಳಿಕೆ ಇರುವುದಿಲ್ಲ. ಆಗ ಹಳೆಯ ಲೆಕ್ಕದಲ್ಲೇ ಮತ್ತೆ ತೆಗೆದುಕೊಂಡರೆ ಉಸಿರೇ ನಿಲ್ಲಬಹುದು. 'ನಾ ಇನ್ನ ಮುಟ್ಟಂಗಿಲ್ರಿ' ಅನ್ನುವವನಿಗೂ ಇದನ್ನು ಹೇಳುತ್ತೇನೆ.

ಧಾರವಾಡದ ಡಿಮ್ಹಾನ್ಸ್‌ಗೆ ಹೋಗೋಣ ಅಂದರೆ ಮನೆಯವರ ಮುಖ ಬಾಡುತ್ತದೆ. 1845ರಿಂದ ಇರುವ ಮಾನಸಿಕ ಆಸ್ಪತ್ರೆ ಅದು, ನಮ್ಮ ಕಡೆ ಎಷ್ಟೋ ಜನರ ಬಾಯಲ್ಲಿ ಇನ್ನೂ 'ಹುಚ್ಚರ ದವಾಖಾನಿ'. ಮಾತಿನಿಂದ ಈ ಹೆದರಿಕೆ ಹೋಗುವುದಿಲ್ಲ. ಅದಕ್ಕೇ ಮೊದಲ ಸಲ ನಾನೇ ಜೊತೆಗೆ ಹೋಗಿ ಚೀಟಿ ಮಾಡಿಸುವ ಸಾಲಿನಲ್ಲಿ ನಿಲ್ಲುತ್ತೇನೆ.

ಪೊಲೀಸರ ಹೆದರಿಕೆ ಇನ್ನೊಂದು. ಚಿಕಿತ್ಸೆಗೆ ಹೋದರೆ ಕೇಸ್ ಆಗುತ್ತದೆ ಅಂತ ತಿಳಿದು ಮುಚ್ಚಿಡುವವರು ಬಹಳ. ಮಾದಕವಸ್ತುಗಳ ಕಾನೂನಾದ 1985ರ ಎನ್‌ಡಿಪಿಎಸ್ ಕಾಯ್ದೆಯ 64ಎ ಕಲಂ ಓದಿ ಹೇಳುತ್ತೇನೆ. ಸೇವನೆ ಅಥವಾ ಸಣ್ಣ ಪ್ರಮಾಣದ ಆರೋಪ ಇರುವ ವ್ಯಸನಿ, ಸರ್ಕಾರದ ಅಥವಾ ಸರ್ಕಾರ ಮಾನ್ಯ ಮಾಡಿದ ಕಡೆ ತಾನಾಗಿ ಚಿಕಿತ್ಸೆ ಪಡೆದರೆ ಅವನಿಗೆ ಮೊಕದ್ದಮೆಯಿಂದ ರಕ್ಷಣೆ ಇದೆ. ಮನೆಯಲ್ಲಿ ಬಾಯಿಬಿಡಲು ಆಗದವರಿಗೆ ವ್ಯಸನಮುಕ್ತಿ ಸಹಾಯವಾಣಿಯ 14446 ಮತ್ತು ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ನಂಬರ್ ಬರೆದು ಕೊಡುತ್ತೇನೆ, ಎರಡೂ ಪುಕ್ಕಟೆ.

ಸಪ್ತಾಪುರದ ಹುಡುಗ ನಾಲ್ಕು ತಿಂಗಳು ಚೆನ್ನಾಗಿದ್ದ. ಹೋಳಿಯ ಬಣ್ಣದ ದಿನ ರೂಮಿನ ಗೆಳೆಯರ ಜೊತೆ ಮತ್ತೆ ಸೇದಿದ. ಮೂರನೇ ದಿನ ತಾನೇ ಬಂದು ಹೇಳಿದ. ನಾನು ಬೈಯಲಿಲ್ಲ. ಬೇಸರವಾಗಿತ್ತು, ಸುಳ್ಳು ಹೇಳಲಾರೆ. ಆದರೆ ತಪ್ಪಿಸಿಕೊಳ್ಳದೆ ಬಂದಿದ್ದನಲ್ಲ. ಮತ್ತೆ ಹಾಳೆ ತೆಗೆದೆವು, ಮತ್ತೆ ಗಡಿಯಾರ ಬರೆದ.

ಈ ವರ್ಷ ಹೋಳಿಗೆ ಹದಿನೈದು ದಿನ ಇರುವಾಗಲೇ ಅದರ ಬಗ್ಗೆ ಮಾತಾಡಿದೆವು. ಅವತ್ತು ರೂಮಿನಲ್ಲಿ ಇರುವುದೇ ಬೇಡ, ಗದಗಿಗೆ ಅಕ್ಕನ ಮನೆಗೆ ಹೋಗುತ್ತೇನೆ ಅಂದ. ಬಣ್ಣದ ದಿನ ಬೆಳಿಗ್ಗೆ ಎಂಟಕ್ಕೆ ಫೋನ್ ಬಂತು. ಬಸ್ಸಿನ ಸದ್ದಿನಲ್ಲಿ ಅರ್ಧ ಮಾತು ಕೇಳಿಸಲಿಲ್ಲ.

'ಅಣ್ಣಿಗೇರಿ ದಾಟೇತ್ರಿ, ಅಕ್ಕೋರ' ಅಂದದ್ದು ಕೇಳಿಸಿತು.