ಸೀಟು ಎತ್ತಿ ನೋಡಿ: ಈಕೋ ವ್ಯಾನಿನ ಎಂಜಿನ್ ಕೆಡದಂತೆ ನೋಡಿಕೊಳ್ಳುವುದು ಹೇಗೆ?

ಕಾರಾದರೆ ಬಾನೆಟ್ ಎತ್ತಿದ ಕೂಡಲೇ ಎಂಜಿನ್ ಕಾಣುತ್ತದೆ. ಮಾರುತಿ ಈಕೋದಲ್ಲಿ ಹಾಗಲ್ಲ, ಎಂಜಿನ್ ಇರುವುದು ಮುಂದಿನ ಸೀಟಿನ ಅಡಿಯಲ್ಲಿ. ಶಾಲೆ ಮಕ್ಕಳನ್ನು ಬಿಡುವವರು, ತರಕಾರಿ ಸಾಗಿಸುವವರು, ಆಂಬುಲೆನ್ಸ್ ಓಡಿಸುವವರು ದಿನವಿಡೀ ಅದರ ಮೇಲೇ ಕೂತಿರುತ್ತಾರೆ, ಆದರೆ ತಿಂಗಳುಗಟ್ಟಲೆ ಅದರ ಮುಖ ನೋಡಿರುವುದಿಲ್ಲ. ನಾನು ಕಂಡ ಮಟ್ಟಿಗೆ ಈ ಎಂಜಿನ್ ಸವೆದು ಹಾಳಾಗುವುದು ಕಡಿಮೆ. ಕೂಲೆಂಟ್ (ಎಂಜಿನ್ ತಣ್ಣಗಿಡುವ ದ್ರವ) ಅಥವಾ ಆಯಿಲ್ ಇಳಿದದ್ದು ಯಾರಿಗೂ ಗೊತ್ತಾಗದೆ, ಕಾದು ಹಾಳಾಗುವುದೇ ಜಾಸ್ತಿ.

ಮೊದಲು ನಿಮ್ಮ ಗಾಡಿಯಲ್ಲಿರುವುದು ಯಾವ ಎಂಜಿನ್ ಅಂತ ತಿಳಿದುಕೊಳ್ಳಿ. 2010ರಲ್ಲಿ ಬಂದ ಈಕೋದಲ್ಲಿದ್ದದ್ದು ಜಿ12ಬಿ: 1196 ಸಿಸಿ, ನಾಲ್ಕು ಸಿಲಿಂಡರ್, 16 ವಾಲ್ವ್. 2022ರ ನವೆಂಬರ್‌ನಲ್ಲಿ ಅದರ ಜಾಗಕ್ಕೆ 1197 ಸಿಸಿಯ ಕೆ ಸೀರೀಸ್ ಎಂಜಿನ್ ಬಂತು. ವಾಲ್ವ್‌ಗಳು ಸರಿಯಾದ ಹೊತ್ತಿಗೆ ತೆರೆದು ಮುಚ್ಚುವಂತೆ ಮಾಡಲು ಹಳೆಯದರಲ್ಲಿ ರಬ್ಬರಿನ ಟೈಮಿಂಗ್ ಬೆಲ್ಟ್, ಹೊಸದರಲ್ಲಿ ಚೈನ್. ಸೆಕೆಂಡ್ ಹ್ಯಾಂಡ್ ಗಾಡಿ ಕೊಂಡವರಿಗೆ ಇದು ಮುಖ್ಯ. ಬೆಲ್ಟ್ ಯಾವಾಗ ಬದಲಾಯಿಸಿದ್ದು ಅಂತ ಹಿಂದಿನ ಮಾಲೀಕರಿಗೇ ಗೊತ್ತಿಲ್ಲದಿದ್ದರೆ, ಬದಲಾಯಿಸಿಯೇ ಇಲ್ಲ ಅಂದುಕೊಂಡು ಹೊಸದು ಹಾಕಿಸಿಬಿಡಿ. ರಬ್ಬರ್ ಬರೀ ಕಿಲೋಮೀಟರ್‌ನಿಂದ ಹಾಳಾಗುವುದಿಲ್ಲ, ನಿಂತಲ್ಲೇ ನಿಂತು ವರ್ಷ ಕಳೆದರೂ ಬಿರುಕು ಬಿಡುತ್ತದೆ.

ಇನ್ನು ಕೂಲೆಂಟ್ ವಿಷಯ. ಇದನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ, ಯಾಕೆಂದರೆ ನಾನು ಕಲಿತದ್ದು ಚಾರ್ಮಾಡಿ ಘಾಟಿಯಲ್ಲಿ. ಉಜಿರೆ ಕಡೆಯಿಂದ ಕೊಟ್ಟಿಗೆಹಾರಕ್ಕೆ ಹತ್ತುತ್ತಿದ್ದೆವು, ಒಳಗೆ ಆರು ಜನ, ಎಸಿ ಬೇರೆ ಹಾಕಿದ್ದೆ. ಅರ್ಧ ಘಾಟಿ ಏರುವಷ್ಟರಲ್ಲಿ ಪಿಕಪ್ ಬಿದ್ದುಹೋಯಿತು, ಸೀಟಿನ ಕೆಳಗಿಂದ ಬೆಲ್ಲ ಕಾಯಿಸಿದ ಹಾಗೆ ಸಿಹಿ ವಾಸನೆ. ನಿಲ್ಲಿಸಿ ಸೀಟು ಎತ್ತಿದರೆ ಒಂದು ಹೋಸ್‌ನ ಕ್ಲಿಪ್ ಸಡಿಲವಾಗಿ, ಅದರ ಸುತ್ತ ಬೂಷ್ಟಿನ ಹಾಗೆ ಬಿಳಿ ಪುಡಿ ಕಟ್ಟಿಕೊಂಡಿತ್ತು. ಆ ಪುಡಿ ಒಂದೇ ದಿನದಲ್ಲಿ ಕಟ್ಟುವಂಥದ್ದಲ್ಲ. ವಾರಗಟ್ಟಲೆ ತೊಟ್ಟಿಕ್ಕಿದೆ, ನಾನು ನೋಡಿಲ್ಲ, ಅಷ್ಟೇ.

ಈಕೋದಲ್ಲಿ ಕೂಲೆಂಟ್ ತಣಿಸುವ ರೇಡಿಯೇಟರ್ ಮುಂದಿದೆ, ಎಂಜಿನ್ ಸೀಟಿನಡಿ ಇದೆ. ನಡುವೆ ಉದ್ದ ಪೈಪುಗಳು, ಹೋಸ್‌ಗಳು. ಹಾಗಾಗಿ ಸೋರುವ ಜಾಗವೂ ಜಾಸ್ತಿ, ಗಾಳಿ ಸಿಕ್ಕಿಹಾಕಿಕೊಳ್ಳುವ ಸಾಧ್ಯತೆಯೂ ಜಾಸ್ತಿ. ವಾರಕ್ಕೊಮ್ಮೆ, ಎಂಜಿನ್ ತಣ್ಣಗಿರುವಾಗ ಬೆಳಿಗ್ಗೆ, ಡಬ್ಬಿಯಲ್ಲಿ ಕೂಲೆಂಟ್ ಮೇಲಿನ ಗೆರೆ ಮತ್ತು ಕೆಳಗಿನ ಗೆರೆಯ ನಡುವೆ ಇದೆಯಾ ನೋಡಿ. ಹೋಸ್‌ಗಳನ್ನು ಬೆರಳಲ್ಲಿ ಒತ್ತಿ ನೋಡಿ: ಗಟ್ಟಿಯಾಗಿ ಕಟಕಟ ಅಂದರೂ, ಉಬ್ಬಿ ಮೆತ್ತಗಾಗಿದ್ದರೂ ಬದಲಾಯಿಸಬೇಕು. ಬಿಸಿ ಇರುವಾಗ ರೇಡಿಯೇಟರ್ ಕ್ಯಾಪ್ ಮಾತ್ರ ತೆಗೆಯಲೇಬೇಡಿ, ಕುದಿಯುವ ನೀರು ಒಮ್ಮೆಲೇ ಮುಖಕ್ಕೆ ಚಿಮ್ಮುತ್ತದೆ. ಕೂಲೆಂಟ್ ಬದಲಾಯಿಸಿದ ಮೇಲೆ ಗಾಳಿ ಪೂರ್ತಿ ಹೊರಹೋಗುವವರೆಗೆ ಎಂಜಿನ್ ಓಡಿಸಿಟ್ಟು, ಫ್ಯಾನ್ ತಾನೇ ತಿರುಗಿ ನಿಲ್ಲುವುದನ್ನು ನೋಡಿಯೇ ಗ್ಯಾರೇಜ್ ಬಿಡಿ. ಮರುದಿನ ತಣ್ಣಗಾದಾಗ ಮತ್ತೆ ಡಬ್ಬಿ ನೋಡಿ, ಸಾಮಾನ್ಯವಾಗಿ ಸ್ವಲ್ಪ ಇಳಿದಿರುತ್ತದೆ.

ಬೋರ್‌ವೆಲ್ ನೀರು ತುಂಬಿಸುವುದು ಬೇಡ. ಅದರ ಸುಣ್ಣ ಒಳಗೆ ಪದರ ಕಟ್ಟಿದರೆ ಬಿಸಿ ಹೊರಗೆ ಹೋಗುವುದಿಲ್ಲ. ಇನ್ನೊಂದು, ಎಂಜಿನ್ ಸಾಕಷ್ಟು ಬಿಸಿಯಾಗುವವರೆಗೆ ಕೂಲೆಂಟ್ ರೇಡಿಯೇಟರ್ ಕಡೆ ಹೋಗದಂತೆ ತಡೆಯುವ ಥರ್ಮೋಸ್ಟಾಟ್ ಇದೆಯಲ್ಲ, 'ಅದನ್ನು ತೆಗೆದುಬಿಡಿ ಸಾರ್, ಹೀಟೇ ಆಗಲ್ಲ' ಅಂತ ಹೇಳುವವರಿದ್ದಾರೆ. ದಯವಿಟ್ಟು ಒಪ್ಪಬೇಡಿ. ಎಂಜಿನ್ ಬೇಗ ಬಿಸಿಯಾಗದೆ ಪೆಟ್ರೋಲ್ ಜಾಸ್ತಿ ಕುಡಿಯುತ್ತದೆ, ಆ ಪೆಟ್ರೋಲ್ ಆಯಿಲ್‌ಗೂ ಇಳಿದು ಅದನ್ನು ತೆಳುವಾಗಿಸುತ್ತದೆ. ಕೆಟ್ಟಿದ್ದರೆ ಹೊಸದು ಹಾಕಿಸಿ.

ಅಕಸ್ಮಾತ್ ಕಾದೇಬಿಟ್ಟಿತು ಅನ್ನಿ, ತಕ್ಷಣ ಎಸಿ ಆಫ್ ಮಾಡಿ, ಪಕ್ಕಕ್ಕೆ ಹಾಕಿ, ಎಂಜಿನ್ ನಿಲ್ಲಿಸಿ. 'ಇನ್ನೆರಡು ಕಿಲೋಮೀಟರ್ ಅಷ್ಟೇ ಅಲ್ವಾ' ಅಂತ ಓಡಿಸಿದರೆ ಎಂಜಿನ್ ಮೇಲ್ಭಾಗದ ಅಲ್ಯೂಮಿನಿಯಂ ಹೆಡ್ ಬೆಂಡ್ ಆಗಿ, ಅದರ ಕೆಳಗಿನ ಸೀಲ್, ಅಂದರೆ ಹೆಡ್ ಗ್ಯಾಸ್ಕೆಟ್ ಹೋಗುತ್ತದೆ. ಕಾದ ಎಂಜಿನ್‌ಗೆ ತಣ್ಣೀರು ಸುರಿಯುವುದೂ ಬೇಡ. ಬ್ಯಾಟರಿ ದೀಪವೂ ಬಿಸಿಯ ಸೂಚನೆಯೂ ಒಟ್ಟಿಗೇ ಬಂದರೆ ಹೊರಗಿನ ಬೆಲ್ಟ್ ಹರಿದಿರಬಹುದು, ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರ್ ಮತ್ತು ಕೂಲೆಂಟ್ ಹರಿಸುವ ವಾಟರ್ ಪಂಪ್ ತಿರುಗುವುದು ಅದರಿಂದಲೇ.

ಆಯಿಲ್ ನೋಡಲು ಸಮತಟ್ಟಾದ ಜಾಗ ಬೇಕು. ಎಂಜಿನ್ ನಿಲ್ಲಿಸಿ ಐದು ನಿಮಿಷ ಬಿಟ್ಟು, ಡಿಪ್‌ಸ್ಟಿಕ್ (ಆಯಿಲ್ ಅಳೆಯುವ ಕಡ್ಡಿ) ಎಳೆದು ಒರೆಸಿ, ಮತ್ತೆ ಪೂರ್ತಿ ಹಾಕಿ ಎಳೆದು ಮಟ್ಟ ನೋಡಿ. ಕಪ್ಪಗಾಗಿದ್ದರೆ ಗಾಬರಿ ಬೇಡ. ಬೆರಳಲ್ಲಿ ಉಜ್ಜಿದಾಗ ಪೆಟ್ರೋಲ್ ವಾಸನೆ ಬಂದರೆ, ಚಹಾದ ಬಣ್ಣಕ್ಕೆ ತಿರುಗಿ ಹಾಲು ಬೆರೆತ ಹಾಗೆ ಕಂಡರೆ ಮಾತ್ರ ಗಾಡಿ ಗ್ಯಾರೇಜಿಗೆ. ಆಯಿಲ್ ಬದಲಾಯಿಸಲು ಕಂಪನಿ ಲೆಕ್ಕ 10,000 ಕಿಲೋಮೀಟರ್ ಅಥವಾ ಒಂದು ವರ್ಷ, ಯಾವುದು ಮೊದಲೋ ಅದು. ಶಾಲೆಯ ಗೇಟಿನ ಮುಂದೆ ಎಂಜಿನ್ ಓಡುತ್ತಲೇ ನಿಲ್ಲುವ, ದಿನಕ್ಕೆ ಇಪ್ಪತ್ತು ಸಲ ಸ್ಟಾರ್ಟ್ ಆಗುವ ವ್ಯಾನಿಗೆ ನಾನಂತೂ 5,000ಕ್ಕೇ ಬದಲಾಯಿಸುತ್ತೇನೆ. ನಿಂತು ಓಡಿದ ಗಂಟೆಗಳು ಮೀಟರ್‌ನಲ್ಲಿ ಕಾಣುವುದಿಲ್ಲವಲ್ಲ. ಪ್ರತಿ ಸಲ ಫಿಲ್ಟರ್ ಕೂಡ ಹೊಸದೇ.

ನೀಲಿ ಹೊಗೆ ಬಂದರೆ ಆಯಿಲ್ ಉರಿಯುತ್ತಿದೆ ಅಂತ ಅರ್ಥ. ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಒಂದು ಸಲ ಬಂದು ನಿಂತರೆ ಬಹುತೇಕ ವಾಲ್ವ್ ಸೀಲ್ ಹೋಗಿರುತ್ತದೆ. ಆಕ್ಸಿಲರೇಟರ್ ಒತ್ತಿದಾಗಲೆಲ್ಲ ಬಂದರೆ ಪಿಸ್ಟನ್ ರಿಂಗ್ ಸವೆದಿರಬಹುದು. ಆದರೂ ಮೆಕ್ಯಾನಿಕ್ 'ಬೋರಿಗೆ ಬಂದಿದೆ' (ಸಿಲಿಂಡರ್ ಸವೆದಿದೆ, ಎಂಜಿನ್ ಬಿಚ್ಚಬೇಕು) ಅಂದ ಕೂಡಲೇ ತಲೆ ಆಡಿಸಬೇಡಿ, ಸಿಲಿಂಡರ್ ಒಳಗಿನ ಒತ್ತಡ ಅಳೆಯುವ ಕಂಪ್ರೆಷನ್ ಟೆಸ್ಟ್ ಮಾಡಿಸಿ. ನಾಲ್ಕರಲ್ಲಿ ಒಂದು ಸಿಲಿಂಡರ್ ಕಡಿಮೆ ತೋರಿಸಿದರೆ, ಅದರೊಳಗೆ ಒಂದು ಚಮಚ ಆಯಿಲ್ ಬಿಟ್ಟು ಮತ್ತೆ ಅಳೆಯಲಿ. ಒತ್ತಡ ಏರಿದರೆ ರಿಂಗ್, ಏರದಿದ್ದರೆ ವಾಲ್ವ್ ಅಥವಾ ಗ್ಯಾಸ್ಕೆಟ್. ದೊಡ್ಡ ಕೆಲಸವೇನಲ್ಲ, ಸಾವಿರಾರು ರೂಪಾಯಿ ಉಳಿಸಬಹುದು.

ಮಿಸ್ಸಿಂಗ್ ಹೊಡೆಯುತ್ತಿದ್ದರೆ, ಅಂದರೆ ಯಾವುದೋ ಸಿಲಿಂಡರ್‌ನಲ್ಲಿ ಪೆಟ್ರೋಲ್ ಸರಿಯಾಗಿ ಉರಿಯದೆ ಎಂಜಿನ್ ತಡವರಿಸುತ್ತಿದ್ದರೆ, ಸ್ಕ್ಯಾನರ್ ಹಾಕಿಸಿ. ಅದರಲ್ಲಿ ಬರುವ ಕೋಡ್ ಪಿ0301 ಅಂದರೆ ತೊಂದರೆ ಒಂದನೇ ಸಿಲಿಂಡರ್, ಪಿ0304 ಅಂದರೆ ನಾಲ್ಕನೆಯದು. ಆ ಸಿಲಿಂಡರ್‌ನ ಸ್ಪಾರ್ಕ್ ಪ್ಲಗ್ ಬಿಚ್ಚಿ ತುದಿ ನೋಡಿ: ತಿಳಿ ಕಂದು ಇದ್ದರೆ ಸರಿ, ಒಣ ಮಸಿ ಇದ್ದರೆ ಪೆಟ್ರೋಲ್ ಜಾಸ್ತಿ, ಜಿಡ್ಡಾಗಿದ್ದರೆ ಆಯಿಲ್ ಬರುತ್ತಿದೆ. ಮಿಸ್ಸಿಂಗ್ ಇಟ್ಟುಕೊಂಡು ಸುಮ್ನೆ ಓಡಿಸಬೇಡಿ, ಉರಿಯದ ಪೆಟ್ರೋಲ್ ಸೈಲೆನ್ಸರ್ ಕಡೆ ಹೋಗಿ, ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಹಾಳು ಮಾಡುತ್ತದೆ.

ಸಿಎನ್‌ಜಿ ಗಾಡಿಯವರು ಪ್ಲಗ್ ಮೇಲೆ ಇನ್ನೂ ಸ್ವಲ್ಪ ಹೆಚ್ಚು ಕಣ್ಣಿಡಿ, ಗ್ಯಾಸ್ ಹೊತ್ತಿಸಲು ಹೆಚ್ಚು ವೋಲ್ಟೇಜ್ ಬೇಕು. ಪೆಟ್ರೋಲ್ ಟ್ಯಾಂಕ್ ಪೂರ್ತಿ ಬರಿದಾಗಿಸಬೇಡಿ, ಒಳಗಿರುವ ಪಂಪ್ ತಣ್ಣಗಿರುವುದು ಆ ಪೆಟ್ರೋಲ್‌ನಿಂದಲೇ. ವಾರಕ್ಕೊಮ್ಮೆ ಒಂದಷ್ಟು ದೂರ ಪೆಟ್ರೋಲ್‌ನಲ್ಲೂ ಓಡಿಸಿ.

ಎಲ್ಲ ನೋಡಿ ಆದ ಮೇಲೆ, ಎಂಜಿನ್ ಮೇಲಿನ ಮುಚ್ಚಳದ ಅಂಚು ಸುತ್ತಲೂ ಸರಿಯಾಗಿ ಕೂತಿದೆಯಾ ಅಂತ ಕೈಯಾಡಿಸಿ ನೋಡಿ. ಸಂದು ಬಿಟ್ಟರೆ ಬಿಸಿ, ಹೊಗೆ ಎರಡೂ ಒಳಗೆ ಬರುತ್ತವೆ. ಸೀಟು ಇಳಿಸಿ, ಕೊಂಡಿ ಟಕ್ ಅಂತ ಬಿದ್ದದ್ದು ಕೇಳಿಸಿಕೊಂಡು, ಒಮ್ಮೆ ಅಲ್ಲಾಡಿಸಿ ನೋಡಿಯೇ ಹೊರಡಿ.