ಕಸ ಗುಡಿಸುವ ಪಾಳಿಯಿಂದ ಶುರುವಾದ ಸಂವಿಧಾನದ ಪಾಠ

ಒಂಬತ್ತನೇ ತರಗತಿಗೆ ಸಂವಿಧಾನದ ಪಾಠವನ್ನು ನಾನು ಮೊದಲೆಲ್ಲ ಅಂಕಿಗಳಿಂದಲೇ ಶುರು ಮಾಡುತ್ತಿದ್ದೆ. 1949ರ ನವೆಂಬರ್ 26ಕ್ಕೆ ಅಂಗೀಕಾರ, 1950ರ ಜನವರಿ 26ಕ್ಕೆ ಜಾರಿ, ಆಗ 395 ವಿಧಿಗಳು, 8 ಅನುಸೂಚಿಗಳು. ಮಕ್ಕಳು ಬಾಯಿಪಾಠ ಮಾಡಿ ಮಾರ್ಕ್ಸ್ ತೆಗೆಯುತ್ತಿದ್ದರು. ಇದೆಲ್ಲ ಯಾಕೆ ಬೇಕು ಅಂತ ಕೇಳಿದರೆ ಮಾತ್ರ ಸುಮ್ನೆ ಕೂರುತ್ತಿದ್ದರು. ಆ ಮೌನ ನನ್ನನ್ನು ಕಾಡುತ್ತಿತ್ತು.

ಒಂದು ವರ್ಷ ಪುಸ್ತಕ ಮುಚ್ಚಿಸಿ, "ನಮ್ಮ ತರಗತಿಗೆ ನೀವೇ ನಿಯಮ ಮಾಡಿ" ಅಂದೆ. 22 ಹುಡುಗರು, 16 ಹುಡುಗಿಯರು. ಮೂರನೇ ನಿಯಮಕ್ಕೇ ಗಲಾಟೆ: ಕಸವನ್ನು ಹುಡುಗಿಯರೇ ಗುಡಿಸಬೇಕಂತೆ. ಕೈ ಎತ್ತಿಸಿದೆ. 22ಕ್ಕೆ 16. ಪಾಸಾಯಿತು.

ಹಿಂದಿನ ಬೆಂಚಿನ ಹುಡುಗಿ ಎದ್ದು ನಿಂತಳು. "ಮಿಸ್, ಜಾಸ್ತಿ ಜನ ಕೈ ಎತ್ತಿದ್ರೆ ಏನು ಬೇಕಾದ್ರೂ ಮಾಡ್ಬಹುದಾ?"

ಉತ್ತರ ನಾಲಿಗೆ ತುದಿಗೆ ಬಂದಿತ್ತು. ತಡೆದುಕೊಂಡೆ. ನಿಯಮವನ್ನು ಒಂದು ದಿನ ತಡೆಹಿಡಿದು, ಮಾರನೇ ದಿನ ಸಂವಿಧಾನದ ಕನ್ನಡ ಪ್ರತಿಯನ್ನು ಅವಳ ಕೈಗೇ ಕೊಟ್ಟೆ. ಕಾನೂನಿನ ಮುಂದೆ ಎಲ್ಲರೂ ಸಮಾನ ಅನ್ನುವ 14 ಮತ್ತು ತಾರತಮ್ಯ ಮಾಡಬಾರದು ಅನ್ನುವ 15ನೇ ವಿಧಿಗಳನ್ನು ಜೋರಾಗಿ ಓದಿದಳು. "ಲಿಂಗ" ಅನ್ನುವ ಪದ ಬಂದಾಗ ನಿಲ್ಲಿಸಿ ಹುಡುಗರ ಕಡೆ ನೋಡಿದಳು. ಐದು ಮಕ್ಕಳನ್ನು ನ್ಯಾಯಾಧೀಶರಾಗಿ ಕೂರಿಸಿದೆ. ಅವರಲ್ಲಿ ಮೂವರು ಹುಡುಗರು. ಐವರೂ ಆ ನಿಯಮ ನಿಲ್ಲುವುದಿಲ್ಲ ಅಂದರು.

ಅಲ್ಲಿಗೆ ಪಾಠ ಮುಗಿಯಿತು ಅಂದುಕೊಂಡೆ. ಒಬ್ಬ ಹುಡುಗ ಬಿಡಲಿಲ್ಲ. "ಮಿಸ್, ಆ 15ನ್ನೇ ತಿದ್ದಿಬಿಟ್ರೆ?"

ಎಂಥ ಪ್ರಶ್ನೆ ಅಲ್ವಾ! ಸುಪ್ರೀಂ ಕೋರ್ಟಿನ 13 ನ್ಯಾಯಮೂರ್ತಿಗಳು 68 ದಿನ ವಾದ ಕೇಳಿದ್ದು ಇಂಥದ್ದೇ ಪ್ರಶ್ನೆಗೆ. ಕಾಸರಗೋಡಿನ ಎಡನೀರು ಮಠದ ಕೇಶವಾನಂದ ಭಾರತಿ ಸ್ವಾಮೀಜಿ ಕೇರಳದ ಭೂಸುಧಾರಣೆ ಕಾನೂನಿನ ವಿರುದ್ಧ ಕೋರ್ಟಿಗೆ ಹೋಗಿದ್ದರು. ಅದು ಬೆಳೆದು ಸಂಸತ್ತಿನ ಅಧಿಕಾರ ಎಲ್ಲಿಯವರೆಗೆ ಅನ್ನುವಲ್ಲಿಗೆ ಬಂತು. 1973ರ ಏಪ್ರಿಲ್ 24ರಂದು 7–6 ಬಹುಮತದ ತೀರ್ಪು: ಸಂವಿಧಾನವನ್ನು ತಿದ್ದಬಹುದು, ಅದರ ಮೂಲ ರಚನೆಯನ್ನು ಕೆಡಿಸುವಂತಿಲ್ಲ.

"ಮೂಲ ರಚನೆ" ಅನ್ನುವ ಮಾತು ಮಕ್ಕಳಿಗೆ ಅರ್ಥವಾಗಲಿಲ್ಲ. ಕಬಡ್ಡಿ ಆಡುವ ಒಬ್ಬಳು ತಾನೇ ಬಿಡಿಸಿ ಹೇಳಿದಳು. "ಪಾಯಿಂಟ್ ಲೆಕ್ಕ ಬದಲಾಯಿಸ್ಬಹುದು. ನಡುಗೆರೆ ಅಳಿಸಿದ್ರೆ ಅದು ಕಬಡ್ಡೀನೇ ಅಲ್ಲ." ನಾನು ಅದಕ್ಕಿಂತ ಚೆನ್ನಾಗಿ ಯಾವತ್ತೂ ಹೇಳಿರಲಿಲ್ಲ.

ಈಗ ಪ್ರತಿ ವರ್ಷ ಕಸದ ಪಾಳಿಯಿಂದಲೇ ಶುರು ಮಾಡುತ್ತೇನೆ. ತಾರೀಖು, ವಿಧಿಗಳ ಸಂಖ್ಯೆ ಎಲ್ಲ ಆಮೇಲೆ. ಆ ವರ್ಷದ ಮಕ್ಕಳು ಹಾಜರಿ ಸಂಖ್ಯೆಯ ಪ್ರಕಾರ ಹೊಸ ಪಟ್ಟಿ ಬರೆದರು. ಕಾನೂನಿನ ಮುಂದೆ ಎಲ್ಲರೂ ಸಮಾನ ಅಂತ ಕೊನೆಯಲ್ಲಿ ನನ್ನ ಹೆಸರನ್ನೂ ಸೇರಿಸಿದರು. ನನ್ನ ಪಾಳಿ ಶನಿವಾರ ಬಂತು.