ಮಕ್ಕಳಿಂದಲೇ ಕ್ವಿಜ್ ಮಾಡಿಸುವವರಿಗೆ

ಗೂಗಲ್ ಫಾರ್ಮ್ಸ್‌ನಲ್ಲಿ ಮಕ್ಕಳಿಂದ ರಸಪ್ರಶ್ನೆ ಮಾಡಿಸುವ ಶಿಕ್ಷಕ ಮಿತ್ರರೇ, ಮೊದಲ ದಿನ ಕಂಪ್ಯೂಟರ್ ಮುಟ್ಟಿಸಬೇಡಿ. ಪ್ರಶ್ನೆಗಳು ನೋಟ್‌ಬುಕ್ಕಿನಲ್ಲೇ ಹುಟ್ಟಲಿ. ಇಲ್ಲದಿದ್ದರೆ ಇಡೀ ಪೀರಿಯಡ್ಡು ಬಣ್ಣ ಬದಲಿಸುವುದರಲ್ಲೇ ಕಳೆದುಹೋಗುತ್ತದೆ. (ನನ್ನದು ಹೋಗಿದೆ.)

ನಿಜವಾದ ಕಷ್ಟ ತಪ್ಪು ಆಯ್ಕೆಗಳನ್ನು ಹುಡುಕುವುದರಲ್ಲಿದೆ. ‘ಕನ್ನಡಕ್ಕೆ ಮೊದಲ ಜ್ಞಾನಪೀಠ ತಂದವರು ಯಾರು?’ ಎಂದು ಕೇಳಿ, ಕುವೆಂಪು ಪಕ್ಕದಲ್ಲಿ ಮೂವರು ಕ್ರಿಕೆಟಿಗರನ್ನು ನಿಲ್ಲಿಸಿದರೆ ಅದು ಪ್ರಶ್ನೆಯೇ ಅಲ್ಲ. ಬೇಂದ್ರೆ, ಕಾರಂತ, ಮಾಸ್ತಿ ಇರಲಿ. ಅವರಿಗೂ ಜ್ಞಾನಪೀಠ ಬಂದಿದೆ, ಹಾಗಾಗಿ ಉತ್ತರಿಸುವವರು ಯೋಚಿಸಲೇಬೇಕು.

ಆಮೇಲೆ ಸೆಟ್ಟಿಂಗ್ಸ್‌ನಲ್ಲಿ ಕ್ವಿಜ್ ಆಯ್ಕೆ ಒತ್ತಿಸಿ, ಸರಿಯುತ್ತರ ಮತ್ತು ಅಂಕ ತುಂಬಿಸಿ. ಟೈಪ್ ಮಾಡಿ ಉತ್ತರಿಸುವ ಪ್ರಶ್ನೆಯಾದರೆ ಎಚ್ಚರ: ‘ಕೆ.ವಿ. ಪುಟ್ಟಪ್ಪ’ ಎಂದು ಬರೆದವರಿಗೆ ಸೊನ್ನೆ ಬೀಳಬಹುದು. ಆ ಹೆಸರನ್ನೂ ಸರಿಯುತ್ತರಗಳಿಗೆ ಸೇರಿಸಿಡಿ.